ರಸ್ತೆಯ ಕಡತ ‘ಲಭ್ಯವಿಲ್ಲ’ ಎಂದು ಪಂಚಾಯಿತಿ ಬರೆದುಕೊಟ್ಟರೆ ಮುಂದೇನು?

ಪ್ರಶ್ನೆ: ನಮಸ್ಕಾರ್ರಿ ಸರ್. ನಮ್ಮದು ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಹೋದ ವರ್ಷ ನಮ್ಮ ಓಣಿಗೆ ಸಿಸಿ ರಸ್ತೆ ಆತು. ಒಂದು ಮಳಿಗಾಲ ಮುಗಿಯೂದ್ರಾಗ ಅಂಚಿನಗುಂಟ ಒಡದು ಖಡಿ ಮ್ಯಾಲ ಎದ್ದಾವ. ಜೂನ್ 3ಕ್ಕೆ ನಮ್ಮ ಮಹಿಳಾ ಸಂಘದ ಪರವಾಗಿ ನನ್ನ ಹೆಸರಿನಿಂದ ಪಂಚಾಯಿತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ‘ಐದು ವರ್ಷದ ಎಲ್ಲಾ ಕಾಮಗಾರಿಗಳ ಸಂಪೂರ್ಣ ಮಾಹಿತಿ ಕೊಡಬೇಕು, ನಮ್ಮ ಓಣಿಯ ರಸ್ತೆ ಯಾಕೆ ಹಾಳಾಯಿತು ತಿಳಿಸಬೇಕು’ ಅಂತ ಬರೆದಿದ್ದೆ. ಜುಲೈ 18ಕ್ಕೆ ಹಿಂಬರಹ ಕೈಗೆ ಬಂತು. ಅದರಾಗ ಮೂರು ಮಾತು ಅದಾವ: 920 ಪುಟ ಆಗುತ್ತವೆ, ಅದಕ್ಕೆ 1,840 ರೂಪಾಯಿ ತುಂಬಿರಿ; ಸದರಿ ರಸ್ತೆಯ ಕಡತ ಈ ಕಚೇರಿಯಲ್ಲಿ ಲಭ್ಯವಿಲ್ಲ; ಕಾರಣ ಕೇಳುವುದು ಮಾಹಿತಿ ಆಗುವುದಿಲ್ಲ. ಗುತ್ತಿಗೆದಾರರು ಊರವರೇ ಇದ್ದಾರೆ. ಇಲ್ಲಿಗೆ ಬಿಡಬೇಕೋ, ಮುಂದ ಹೋಗಬೇಕೋ, ನೀವೇ ಹೇಳ್ರಿ.

ಉತ್ತರ: ಅಕ್ಕಾರ, ಬಿಡಬೇಡಿರಿ. ಆದರೆ ಮುಂದೆ ಹೋಗುವ ಮೊದಲು ಆ ಹಿಂಬರಹವನ್ನು ಸಿಟ್ಟು ಬದಿಗಿಟ್ಟು ಇನ್ನೊಮ್ಮೆ ಓದಿರಿ. ಅದರಲ್ಲಿರುವ ಮೂರು ಮಾತುಗಳಲ್ಲಿ ಒಂದು ಸರಿ ಇದೆ, ಒಂದು ಅರ್ಧ ಸರಿ, ಒಂದು ಪೂರ್ತಿ ತಪ್ಪು.

ಸರಿ ಇರುವುದು ಕೊನೆಯ ಮಾತು. ‘ಯಾಕೆ ಹಾಳಾಯಿತು’ ಎಂಬ ಪ್ರಶ್ನೆಗೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಉತ್ತರ ಸಿಗುವುದಿಲ್ಲ. ಕಚೇರಿಯಲ್ಲಿ ಏನು ದಾಖಲೆ ಇದೆಯೋ ಅದನ್ನು ಕೊಡುವುದಷ್ಟೇ ಮಾಹಿತಿ ಅಧಿಕಾರಿಯ ಕೆಲಸ. ಇಲ್ಲದ ಕಾರಣವನ್ನು ಕೂತು ಬರೆದುಕೊಡು ಎಂದು ಕಾಯ್ದೆ ಹೇಳುವುದಿಲ್ಲ. 2010ರಲ್ಲಿ ಖಾನಾಪುರಂ ಗಂಡಯ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿದೆ. ಇಷ್ಟು ವರ್ಷ ಅರ್ಜಿ ಬರೆಸುತ್ತಾ ಬಂದ ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ: ಪ್ರಶ್ನೆ ಕೇಳಬೇಡಿರಿ, ಕಾಗದ ಕೇಳಿರಿ. ರಸ್ತೆ ಯಾಕೆ ಒಡೆಯಿತು ಎಂಬುದಕ್ಕೆ ಉತ್ತರ ಕಾಗದದಲ್ಲೇ ಇರುತ್ತದೆ, ಆದರೆ ಆ ಕಾಗದದ ಹೆಸರು ನಿಮಗೆ ಗೊತ್ತಿರಬೇಕು.

ಅರ್ಧ ಸರಿ ಇರುವುದು 1,840 ರೂಪಾಯಿ. ನಮ್ಮ ರಾಜ್ಯದಲ್ಲಿ ಎ4 ಅಳತೆಯ ಒಂದು ಪುಟಕ್ಕೆ 2 ರೂಪಾಯಿ, ಆದ್ದರಿಂದ ಲೆಕ್ಕ ತಪ್ಪಿಲ್ಲ. ಆದರೆ ಅರ್ಜಿ ಕೊಟ್ಟದ್ದು ಜೂನ್ 3, ಉತ್ತರ ಬಂದದ್ದು ಜುಲೈ 18. 30 ದಿನ ದಾಟಿದ ಮೇಲೆ ಕೊಡುವ ಮಾಹಿತಿಗೆ ಪುಟದ ಹಣ ಕೇಳುವ ಹಾಗಿಲ್ಲ, ಕಲಂ 7(6) ಪ್ರಕಾರ ಪುಕ್ಕಟೆ ಕೊಡಬೇಕು. ಈ ಹಕ್ಕನ್ನು ಹಿಡಿದು 920 ಪುಟಕ್ಕೂ ನೀವು ಹೋರಾಡಬಹುದು. ನನ್ನ ಸಲಹೆ ಬೇರೆ. ನಿಮಗೆ ಬೇಕಾದದ್ದು ಒಂದು ರಸ್ತೆಯ ಸುಮಾರು 30–40 ಪುಟ. ಐದು ವರ್ಷದ ಎಲ್ಲಾ ಕಾಮಗಾರಿ ಎಂದು ಕೇಳಿದಾಗ ಅಧಿಕಾರಿಗೆ ‘ಮಾಹಿತಿ ವ್ಯಾಪಕವಾಗಿದೆ’ ಎಂದು ಬರೆಯಲು ನೀವೇ ಜಾಗ ಮಾಡಿಕೊಟ್ಟಂತೆ ಆಗುತ್ತದೆ. ಇನ್ನೂ ಒಂದು ಮಾತಿದೆ. 2008ರ ತಿದ್ದುಪಡಿಯ ನಂತರ ಕರ್ನಾಟಕದ ನಿಯಮಗಳಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಶಬ್ದದೊಳಗೆ ಎಂಬ ಕಟ್ಟು ಇದೆ. ಈ ನಿಯಮ ನನಗೆ ಒಪ್ಪಿಗೆಯಿಲ್ಲ. ಕಾಯ್ದೆಯಲ್ಲಿ ಇಲ್ಲದ ಕಟ್ಟನ್ನು ನಿಯಮದಲ್ಲಿ ತಂದಿದ್ದಾರೆ. ಆದರೂ ಅದು ಇರುವವರೆಗೆ ಅದರೊಳಗೇ ಬರೆಯಬೇಕು, ಇಲ್ಲದಿದ್ದರೆ ಅರ್ಜಿ ತಿರಸ್ಕರಿಸಲು ಅದೇ ನೆಪವಾಗುತ್ತದೆ.

ಪೂರ್ತಿ ತಪ್ಪಾದದ್ದು ‘ಕಡತ ಲಭ್ಯವಿಲ್ಲ’ ಎಂಬ ಮಾತು. ಮಾಹಿತಿ ಕೊಡದಿರಲು ಇರುವ ಕಾರಣಗಳು ಕಲಂ 8 ಮತ್ತು 9ರಲ್ಲಿವೆ. ಅವುಗಳಲ್ಲಿ ‘ಲಭ್ಯವಿಲ್ಲ’ ಎಂಬುದು ಇಲ್ಲವೇ ಇಲ್ಲ. ಕಡತ ಸಿಗುತ್ತಿಲ್ಲ ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳುವಂತಿಲ್ಲ, ಹುಡುಕಬೇಕು, ಸಿಗದಿದ್ದರೆ ಯಾರ ಕೈಯಿಂದ ಕಳೆಯಿತು ಎಂದು ಜವಾಬ್ದಾರಿ ಗೊತ್ತುಮಾಡಬೇಕು ಎಂದು ದೆಹಲಿ ಹೈಕೋರ್ಟು 2013ರಲ್ಲೇ ಹೇಳಿದೆ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ದಾಖಲೆಗಳ ಕಾಯ್ದೆ 2010 ಎಂಬುದೊಂದಿದೆ, ಸರ್ಕಾರಿ ದಾಖಲೆಯನ್ನು ನಿಯಮ ಮೀರಿ ತೆಗೆದುಹಾಕುವುದು, ನಾಶ ಮಾಡುವುದು ಅದರಡಿ ಅಪರಾಧ. ಮೇಲ್ಮನವಿಯಲ್ಲಿ ಈ ಕಾಯ್ದೆಯ ಹೆಸರು ಬಂದರೆ ‘ಲಭ್ಯವಿಲ್ಲದ’ ಕಡತ ವಾರದೊಳಗೆ ಕಪಾಟಿನಿಂದ ಇಳಿದು ಬಂದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಆದರೆ ಅದಕ್ಕೂ ಮೊದಲು ಒಂದು ಕೆಲಸ ಮಾಡಿರಿ. ಆ ರಸ್ತೆ ಮಾಡಿದ್ದು ನಿಜವಾಗಿಯೂ ಪಂಚಾಯಿತಿಯೋ ಬೇರೆಯವರೋ ಎಂದು ತಿಳಿದುಕೊಳ್ಳಿರಿ. ಊರೊಳಗಿನ ಸಿಸಿ ರಸ್ತೆಗೆ ಹಣ ನಾಲ್ಕೈದು ಕಡೆಯಿಂದ ಬರುತ್ತದೆ: ಹಣಕಾಸು ಆಯೋಗದ ಅನುದಾನ, ನರೇಗಾ, ಶಾಸಕರ ನಿಧಿ, ಸಂಸದರ ನಿಧಿ, ಇಲಾಖೆಗಳ ಬೇರೆ ಬೇರೆ ಯೋಜನೆಗಳು. ಕೆಲಸ ಮಾಡಿಸುವವರೂ ಬೇರೆ ಬೇರೆ. ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ಇರಬಹುದು, ಕೆಆರ್‌ಐಡಿಎಲ್ ಎಂಬ ರಾಜ್ಯ ಸರ್ಕಾರದ ನಿಗಮ ಇರಬಹುದು, ಲೋಕೋಪಯೋಗಿ ಇಲಾಖೆಯೂ ಇರಬಹುದು. ರಸ್ತೆಯ ತುದಿಯಲ್ಲಿ ಕಾಮಗಾರಿ ಫಲಕ ಇದ್ದರೆ ಅದರ ಫೋಟೋ ತೆಗೆದಿಟ್ಟುಕೊಳ್ಳಿರಿ. ಯೋಜನೆಯ ಹೆಸರು, ಮೊತ್ತ, ಅನುಷ್ಠಾನ ಮಾಡಿದವರು ಯಾರು ಎಂಬುದೆಲ್ಲ ಅದರಲ್ಲಿ ಇರಬೇಕು. ಫಲಕ ಇಲ್ಲದಿದ್ದರೆ ಫೋನಿನಲ್ಲೇ ಪಂಚಾಯಿತಿಗಳ ಕಾಮಗಾರಿ, ಲೆಕ್ಕ ತೋರಿಸುವ ಸರ್ಕಾರಿ ಜಾಲತಾಣ ಇ-ಗ್ರಾಮ್ ಸ್ವರಾಜ್ ತೆರೆದು ನಿಮ್ಮ ಪಂಚಾಯಿತಿ, ಆ ವರ್ಷ ಹಾಕಿ ನೋಡಿರಿ. ಹಣಕಾಸು ಆಯೋಗದ ದುಡ್ಡಾಗಿದ್ದರೆ ಕಾಮಗಾರಿಯ ಹೆಸರು ಅಲ್ಲಿ ಸಿಗುತ್ತದೆ. ಕಡತ ಬೇರೆ ಕಚೇರಿಯಲ್ಲಿದ್ದರೆ ಪಂಚಾಯಿತಿಯವರು ‘ನಮ್ಮಲ್ಲಿಲ್ಲ’ ಎಂದು ಬರೆದು ಮುಗಿಸುವಂತಿಲ್ಲ. ಕಲಂ 6(3) ಪ್ರಕಾರ ಐದು ದಿನದೊಳಗೆ ನಿಮ್ಮ ಅರ್ಜಿಯನ್ನು ಆ ಕಚೇರಿಗೆ ಕಳಿಸಿ, ಕಳಿಸಿದ್ದನ್ನು ನಿಮಗೆ ತಿಳಿಸಬೇಕಿತ್ತು. ಅದನ್ನೂ ಅವರು ಮಾಡಿಲ್ಲ.

ಈಗ ಕಾಗದದ ಹೆಸರುಗಳಿಗೆ ಬರೋಣ. ಒಂದು ರಸ್ತೆಯ ಕಡತದಲ್ಲಿ ಹತ್ತು ಹನ್ನೆರಡು ಬಗೆಯ ಕಾಗದ ಇರುತ್ತವೆ. ವಾರ್ಡ್ ಸಭೆ, ಗ್ರಾಮ ಸಭೆಯ ಠರಾವು, ಆಡಳಿತ ಮಂಜೂರಾತಿ ಇವೆಲ್ಲ ನಿಮ್ಮ ಈ ವ್ಯಾಜ್ಯಕ್ಕೆ ಅಷ್ಟು ಮುಖ್ಯವಲ್ಲ. ನಿಮಗೆ ಬೇಕಾದದ್ದು ಮೂರು: ಎಸ್ಟಿಮೇಟ್, ಎಂ.ಬಿ. ಪುಸ್ತಕ, ಗುತ್ತಿಗೆಯ ಕರಾರು ಪತ್ರ.

ಎಸ್ಟಿಮೇಟ್ ಎಂದರೆ ಏನು ಮಾಡಬೇಕಿತ್ತು ಎಂಬುದರ ಲೆಕ್ಕ. ನಮ್ಮ ಕಡೆಯ ಎರಿ ನೆಲದಲ್ಲಿ, ಅಂದರೆ ಕಪ್ಪು ಮಣ್ಣಿನ ನೆಲದಲ್ಲಿ, ಇದು ಬಹಳ ಮುಖ್ಯ. ಎರಿ ಮಣ್ಣು ಬ್ಯಾಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಸುರಿದರೆ ಎಷ್ಟೇ ಸಿಮೆಂಟ್ ಹಾಕಿದರೂ ಒಡೆಯುತ್ತದೆ. ಕೆಳಗಿನ ಎರಿ ತೆಗೆದು ಗರಸು ಹಾಕಿ ಗಟ್ಟಿ ಮಾಡುವುದು ಎಸ್ಟಿಮೇಟಿನಲ್ಲಿ ಇತ್ತೋ ಇಲ್ಲವೋ ನೋಡಿರಿ. ಇಲ್ಲದೇ ಇದ್ದರೆ ತಪ್ಪು ಗುತ್ತಿಗೆದಾರರದ್ದಲ್ಲ, ಎಸ್ಟಿಮೇಟ್ ಮಾಡಿದ ಎಂಜಿನಿಯರರದ್ದು. ಇದ್ದೂ ಮಾಡದಿದ್ದರೆ ಮಾತು ಬೇರೆ. ಊರಲ್ಲಿ ಒಬ್ಬರ ಕಡೆ ಬೆರಳು ತೋರಿಸುವ ಮುನ್ನ ಇಷ್ಟು ಖಾತ್ರಿ ಮಾಡಿಕೊಳ್ಳುವುದು ನ್ಯಾಯ.

ಎಂ.ಬಿ. ಎಂದರೆ ಅಳತೆ ಪುಸ್ತಕ. ಕೆಲಸ ಆದ ಮೇಲೆ ಜೆಇ (ಕಿರಿಯ ಎಂಜಿನಿಯರ್) ಬಂದು ಅಳೆದು, ಉದ್ದ, ಅಗಲ, ದಪ್ಪ ಎಂದು ಕಾಲಂ ಹಾಕಿ ಬರೆದು ಸಹಿ ಮಾಡುವ ಪುಸ್ತಕ. ಅದಕ್ಕೊಂದು ನಂಬರ್ ಇರುತ್ತದೆ, ಪುಟಗಳಿಗೂ ನಂಬರ್ ಇರುತ್ತದೆ. ಆ ಅಳತೆಯ ಮೇಲೆಯೇ ಬಿಲ್ ಆಗುತ್ತದೆ. ಇಡೀ ಕಡತದಲ್ಲಿ ಒಂದೇ ಕಾಗದ ಸಿಗುತ್ತದೆ ಎಂದರೆ ನಾನು ಎಂ.ಬಿ.ಯ ಆ ಎರಡು ಪುಟ ಕೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಬಾಗಲಕೋಟೆ ಜಿಲ್ಲೆಯ ಒಂದು ಊರಿನ ರೈತರ ಜೊತೆ ಹೀಗೇ ಕಡತ ಪರಿಶೀಲನೆಗೆ ಹೋಗಿದ್ದೆ. ಕೆಂಪು ಲಾಡಿ ಕಟ್ಟಿದ ಕಡತ ತಂದು ಟೇಬಲ್ ಮೇಲೆ ಇಟ್ಟರು. ಎಂ.ಬಿ. ತೆರೆದೆವು. ಉದ್ದ 120 ಮೀಟರ್, ಅಗಲ 3, ದಪ್ಪ 0.15. ಗುಣಿಸಿದರೆ 54 ಘನ ಮೀಟರ್ ಕಾಂಕ್ರೀಟ್. ಆ ರೈತರು ಟವೆಲಿನ ಗಂಟು ಬಿಚ್ಚಿ ರಸ್ತೆಯ ಅಂಚಿನಿಂದ ಒಡೆದು ಬಿದ್ದಿದ್ದ ಒಂದು ತುಂಡನ್ನು ಪುಸ್ತಕದ ಪಕ್ಕಕ್ಕೇ ಇಟ್ಟು, ‘ಇದನ್ನೂ ಒಮ್ಮೆ ಅಳೀರಿ ಸಾಹೇಬ್ರ’ ಎಂದರು. ಪಟ್ಟಿ ಹಿಡಿದರೆ ಹತ್ತು ಸೆಂಟಿಮೀಟರ್ ಕೂಡ ಸರಿಯಾಗಿ ಇರಲಿಲ್ಲ. ಇಡೀ ರಸ್ತೆ ಹತ್ತು ಸೆಂಟಿಮೀಟರ್ ಎಂದು ಹಿಡಿದರೂ ಆಗುವುದು 36 ಘನ ಮೀಟರ್. ಬಿಲ್ ಆಗಿದ್ದು 54ಕ್ಕೆ. ಒಂದು ತುಂಡಿನಿಂದ ಇಡೀ ರಸ್ತೆಯ ದಪ್ಪ ಸಿದ್ಧವಾಗುವುದಿಲ್ಲ ನಿಜ. ಆದರೆ ನಾಲ್ಕೈದು ಕಡೆ ಕೊರೆದು ಪರೀಕ್ಷೆ ಮಾಡಿಸಿರಿ ಎಂದು ಬರೆದು ಕೇಳಲು ಅಷ್ಟು ಸಾಕಾಯಿತು. ಮೇಲಿನ ಎಂಜಿನಿಯರರ ತಪಾಸಣೆಯ ಸಹಿ ಇತ್ತು, ಸಹಿಯ ಕೆಳಗೆ ತಾರೀಕೇ ಇರಲಿಲ್ಲ. ಅದನ್ನೂ ಟಿಪ್ಪಣಿ ಮಾಡಿಕೊಂಡೆವು. ಕೊನೆಗೆ ಗುತ್ತಿಗೆದಾರರೇ ಬಂದು ಅಂಚು ಕಿತ್ತು ಹೊಸದಾಗಿ ಹಾಕಿಕೊಟ್ಟರು. ಕೋರ್ಟು ಕಚೇರಿ ಎಂದು ಯಾರೂ ಅಲೆಯಲಿಲ್ಲ.

ಅವರು ಹಾಕಿಕೊಟ್ಟದ್ದು ಮೂರನೆಯ ಕಾಗದದಿಂದ. ಗುತ್ತಿಗೆಯ ಕರಾರಿನಲ್ಲಿ ದೋಷ ಹೊಣೆಗಾರಿಕೆ ಅವಧಿ ಎಂಬ ಷರತ್ತು ಇರುತ್ತದೆ. ಆ ಅವಧಿಯೊಳಗೆ ಕೆಲಸ ಕೆಟ್ಟರೆ ಗುತ್ತಿಗೆದಾರರು ತಮ್ಮ ಖರ್ಚಿನಲ್ಲೇ ಸರಿಮಾಡಿಕೊಡಬೇಕು, ಅದಕ್ಕಾಗಿ ಅವರ ಠೇವಣಿ ಹಣವನ್ನು ಹಿಡಿದಿಟ್ಟಿರುತ್ತಾರೆ. ಅವಧಿ ಎಷ್ಟು ಎಂಬುದು ನಿಮ್ಮ ರಸ್ತೆಯ ಕರಾರಿನಲ್ಲೇ ಬರೆದಿರುತ್ತದೆ. ನಿಮ್ಮ ರಸ್ತೆ ಆಗಿ ಇನ್ನೂ ಒಂದು ವರ್ಷ. ಆ ಅವಧಿ ನಡೆಯುತ್ತಲೇ ಇರುವ ಸಾಧ್ಯತೆ ಹೆಚ್ಚು. ನೀವು ತಡಮಾಡಬಾರದು ಎಂದು ನಾನು ಒತ್ತಿ ಹೇಳುತ್ತಿರುವುದು ಈ ಕಾರಣಕ್ಕೇ. ಮಾಹಿತಿ ಎರಡು ವರ್ಷ ಬಿಟ್ಟು ಬಂದರೂ ಬರಬಹುದು, ಹೊಣೆಗಾರಿಕೆಯ ಅವಧಿ ಮಾತ್ರ ನಿಮಗಾಗಿ ಕಾಯುವುದಿಲ್ಲ.

ಆದ್ದರಿಂದ ಎರಡು ಕೆಲಸ ಒಟ್ಟಿಗೇ ಮಾಡಿರಿ. ಹಳೆಯ ಅರ್ಜಿಯ ಮೇಲೆ ಮೇಲ್ಮನವಿ ಹಾಕಿರಿ, ಜೊತೆಗೆ ಹೊಸದೊಂದು ಚಿಕ್ಕ ಅರ್ಜಿ ಹಾಕಿರಿ.

ಹೊಸ ಅರ್ಜಿ ನಮೂನೆ ‘ಎ’ಯಲ್ಲಿ ಇರಲಿ. ವಿಷಯಕ್ಕೆ ‘ಇಂಥ ಗ್ರಾಮದ ಇಂಥ ವಾರ್ಡಿನಲ್ಲಿ ಇಂಥವರ ಮನೆಯಿಂದ ಇಂಥ ಗುಡಿಯವರೆಗೆ, ಇಂಥ ಆರ್ಥಿಕ ವರ್ಷದಲ್ಲಿ ಆದ ಸಿಸಿ ರಸ್ತೆ ಕಾಮಗಾರಿ’ ಎಂದು ಬರೆಯಿರಿ. ಕೆಳಗೆ ಇಷ್ಟೇ ಸಾಕು: ‘ಸದರಿ ಕಾಮಗಾರಿಯ ಎಸ್ಟಿಮೇಟ್, ಕಾಮಗಾರಿ ಆದೇಶ, ಗುತ್ತಿಗೆ ಕರಾರು ಪತ್ರ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಗುಣಮಟ್ಟ ಪರೀಕ್ಷಾ ವರದಿ, ಬಿಲ್ಲು ಮತ್ತು ಪಾವತಿ ವೋಚರ್‌ಗಳ ದೃಢೀಕೃತ ಪ್ರತಿ ಬೇಕು. ಪ್ರತಿ ಪಡೆಯುವ ಮೊದಲು ಮೂಲ ಕಡತವನ್ನು ಪರಿಶೀಲಿಸಲು ದಿನಾಂಕ ಮತ್ತು ವೇಳೆ ತಿಳಿಸಿರಿ. ಕಡತ ಬೇರೆ ಕಚೇರಿಯಲ್ಲಿದ್ದರೆ ಕಲಂ 6(3)ರಂತೆ ವರ್ಗಾಯಿಸಿ ನನಗೆ ತಿಳಿಸಿರಿ.’ ಯಾಕೆ ಬೇಕು ಎಂದು ಬರೆಯಬೇಡಿರಿ. ಕಲಂ 6(2) ಪ್ರಕಾರ ಅದನ್ನು ಕೇಳುವ ಅಧಿಕಾರವೇ ಅವರಿಗಿಲ್ಲ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿರಿ, ಅದರ ನಂಬರನ್ನು ಅರ್ಜಿಯಲ್ಲೇ ಬರೆಯಿರಿ. ಬಡತನ ರೇಖೆಗಿಂತ ಕೆಳಗಿನವರ ಕಾರ್ಡ್ ಇದ್ದರೆ ಅದರ ಪ್ರತಿ ಹಚ್ಚಿದರೆ ಸಾಕು, ಶುಲ್ಕ ಇಲ್ಲ. ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ತಾರೀಕು ಸಮೇತ ಶಿಕ್ಕಾ, ಸಹಿ ಹಾಕಿಸಿಕೊಂಡೇ ಬರಬೇಕು. ‘ನಾಳೆ ಬರ್ರಿ, ಟಪಾಲಿನವರು ಇಲ್ಲ’ ಎಂದರೆ ವಾದಕ್ಕೆ ನಿಲ್ಲದೆ ನೇರ ಪೋಸ್ಟಾಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿಬಿಡಿರಿ.

ಸಂಘದ ಹೆಸರು ಅರ್ಜಿಯಲ್ಲಿ ಎಲ್ಲೂ ಬರಬಾರದು. ಕಾಯ್ದೆಯ ಕಲಂ 3 ಹಕ್ಕು ಕೊಟ್ಟಿರುವುದು ನಾಗರಿಕರಿಗೆ. ಸಂಘದ ಪರವಾಗಿ ಎಂದು ಬರೆದರೆ ಅದನ್ನೇ ಹಿಡಿದು ತಿರಸ್ಕರಿಸುವವರಿದ್ದಾರೆ.

ಮೇಲ್ಮನವಿಗೆ ಬರೋಣ. ಗ್ರಾಮ ಪಂಚಾಯಿತಿಯಲ್ಲಿ ಸಾಮಾನ್ಯವಾಗಿ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮಾಹಿತಿ ಅಧಿಕಾರಿ, ತಾಲೂಕು ಪಂಚಾಯಿತಿಯ ಇಓ (ಕಾರ್ಯನಿರ್ವಾಹಕ ಅಧಿಕಾರಿ) ಪ್ರಥಮ ಮೇಲ್ಮನವಿ ಪ್ರಾಧಿಕಾರಿ. ಮಾಹಿತಿ ನಿರಾಕರಿಸಿದರೆ ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎಂದು ಹಿಂಬರಹದಲ್ಲೇ ಬರೆಯಬೇಕೆಂದು ಕಲಂ 7(8) ಹೇಳುತ್ತದೆ. ನಿಮ್ಮ ಹಿಂಬರಹದಲ್ಲಿ ಅದಿಲ್ಲದಿದ್ದರೆ ಅದನ್ನೂ ಒಂದು ಆಕ್ಷೇಪಣೆಯಾಗಿ ಬರೆಯಿರಿ. ನಿಮಗೆ 30 ದಿನದ ಅವಕಾಶ. ಜುಲೈ 18ಕ್ಕೆ ಹಿಂಬರಹ ಕೈಗೆ ಬಂದಿದೆ, ಆಗಸ್ಟ್ 17ರೊಳಗೆ ಮೇಲ್ಮನವಿ ಇಓ ಕಚೇರಿಗೆ ಮುಟ್ಟಬೇಕು. ಒಂದು ಪುಟ ಸಾಕು: ಉತ್ತರ 30 ದಿನ ಮೀರಿ ಬಂದಿದೆ, ಆದ್ದರಿಂದ ಶುಲ್ಕ ಕೇಳುವಂತಿಲ್ಲ, ‘ಲಭ್ಯವಿಲ್ಲ’ ಎಂಬುದು ಕಾಯ್ದೆಯಲ್ಲಿ ಇರುವ ಕಾರಣವಲ್ಲ, ಬೇರೆ ಕಚೇರಿಗೆ ವರ್ಗಾಯಿಸಿಲ್ಲ. ಕೇಳುವುದು ಓಣಿಯ ರಸ್ತೆಯ ಕಡತವಷ್ಟೇ ಎಂದು ಅಲ್ಲೇ ಸ್ಪಷ್ಟ ಮಾಡಿ, ಉಳಿದ ಕಾಮಗಾರಿಗಳ ಮಾಹಿತಿಯನ್ನು ಕೈಬಿಟ್ಟಿದ್ದೇನೆ ಎಂದು ಬರೆಯಿರಿ. ಇಓ ಅವರಿಗೆ 30 ದಿನ, ಕಾರಣ ಬರೆದಿಟ್ಟರೆ 45 ದಿನ. ವಿಚಾರಣೆಗೆ ಕರೆದರೆ ತಪ್ಪದೆ ಹೋಗಿರಿ, ಒಬ್ಬರೇ ಹೋಗಬೇಡಿರಿ.

ಅಲ್ಲೂ ಆಗಲಿಲ್ಲ ಎಂದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗದ ಪೀಠ ಬೆಳಗಾವಿಯಲ್ಲೂ ಇದೆ. ವಿಜಯಪುರ, ಬಾಗಲಕೋಟೆಯವರು ಒಂದು ವಿಚಾರಣೆಗಾಗಿ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗಿ ಬರುತ್ತಿದ್ದ ದಿನಗಳನ್ನು ಕಂಡವನು ನಾನು, ಈ ಪೀಠ ಬಂದದ್ದು ನಮ್ಮ ಭಾಗಕ್ಕೆ ದೊಡ್ಡ ಅನುಕೂಲ. ಆದರೆ ಇಲ್ಲಿ ನಮ್ಮ ಜನ ಒಂದು ತಪ್ಪು ಮಾಡುತ್ತಾರೆ. ಸಿಟ್ಟಿನಲ್ಲಿ ಇಓ ಅವರನ್ನು ಬಿಟ್ಟು ನೇರವಾಗಿ ಕಲಂ 18ರಡಿ ಆಯೋಗಕ್ಕೆ ದೂರು ಕೊಡುತ್ತಾರೆ, ಅಧಿಕಾರಿಗೆ ದಂಡ ಬೀಳಲಿ ಎಂದು. ದಂಡ ಇದೆ, ದಿನಕ್ಕೆ 250 ರೂಪಾಯಿಯಂತೆ ಹೆಚ್ಚೆಂದರೆ 25,000. ಆದರೆ ಕಲಂ 18ರ ದೂರಿನಲ್ಲಿ ಮಾಹಿತಿ ಕೊಡಿಸುವ ಅಧಿಕಾರ ಆಯೋಗಕ್ಕಿಲ್ಲ ಎಂದು 2011ರಲ್ಲಿ ಮಣಿಪುರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಧಿಕಾರಿ ದಂಡ ಕಟ್ಟಿದ ಮೇಲೂ ಎಂ.ಬಿ.ಯ ಪುಟ ನಿಮ್ಮ ಕೈಗೆ ಬರದೇ ಹೋಗಬಹುದು. ಕಾಗದ ಬೇಕಾದವರು ಕಲಂ 19ರ ಮೇಲ್ಮನವಿಯ ದಾರಿಯಲ್ಲೇ ಹೋಗಬೇಕು. ಆ ದಾರಿಯಲ್ಲಿ ಮಾಹಿತಿ ನಿರಾಕರಿಸಿದ್ದು ಸರಿ ಎಂದು ತೋರಿಸುವ ಹೊರೆಯೂ ಅಧಿಕಾರಿಯ ಮೇಲೆಯೇ ಇರುತ್ತದೆ, ನಿಮ್ಮ ಮೇಲಲ್ಲ.

‘ಇದು ಮೂರನೆಯವರ ವೈಯಕ್ತಿಕ ಮಾಹಿತಿ’ ಎಂಬ ಉತ್ತರವೂ ಮುಂದೆ ಬರಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಮೂಲಕ ಕಲಂ 8(1)(ಜೆ) ಬಿಗಿಯಾಗಿದೆ, ಅದು ನನಗೆ ಬೇಸರದ ಸಂಗತಿ. ಆದರೂ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಕೊಡಬಹುದು ಎಂಬ ಕಲಂ 8(2) ಇನ್ನೂ ಹಾಗೇ ಇದೆ. ಸರ್ಕಾರಿ ದುಡ್ಡಿನ ರಸ್ತೆಯ ಅಳತೆ ಯಾರ ಮನೆಯ ಗುಟ್ಟೂ ಅಲ್ಲ. ಗುತ್ತಿಗೆದಾರರ ಬ್ಯಾಂಕ್ ಖಾತೆ ನಂಬರ್, ಆಧಾರ್ ನಂಬರ್ ಮುಚ್ಚಿ ಉಳಿದದ್ದನ್ನು ಕೊಡಿರಿ ಎಂದು ಕಲಂ 10 ಹಿಡಿದು ಕೇಳಿರಿ.

ಇನ್ನು ನೀವು ಕೊನೆಯ ಸಾಲಿನಲ್ಲಿ ಬರೆದದ್ದು, ಗುತ್ತಿಗೆದಾರರು ಊರವರೇ ಎಂಬುದು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮೊದಮೊದಲು ನಾನೇ ಒಂದು ಕಚೇರಿಗೆ ಅರ್ಜಿ ಹಾಕಿದ್ದಾಗ ಉತ್ತರ ಬರುವ ಮೊದಲೇ ಗುತ್ತಿಗೆದಾರರ ಕಡೆಯವರು ಮನೆ ಬಾಗಿಲಿಗೆ ಬಂದಿದ್ದರು. ಕೈಯಲ್ಲಿ ನನ್ನ ಅರ್ಜಿಯ ಜೆರಾಕ್ಸ್ ಇತ್ತು. ‘ಏನ್ ಕಾಕಾ, ನಮಗ ಕೇಳಿದ್ರ ನಾವ ಹೇಳತಿದ್ದಿಲ್ಲೇನು’ ಎಂದು ನಗುತ್ತಲೇ ಕೇಳಿದರು. ಆ ನಗುವಿಗೆ ನಮ್ಮ ಮನೆಯವರು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಅಂದಿನಿಂದ ಊರೊಳಗಿನ ಕಾಮಗಾರಿಯಾದರೆ ಅರ್ಜಿದಾರರು ಒಬ್ಬಂಟಿಯಾಗದಂತೆ ನೋಡಿಕೊಳ್ಳುತ್ತೇನೆ. ನಿಮ್ಮ ಓಣಿಯ ನಾಲ್ಕೈದು ಹೆಣ್ಣುಮಕ್ಕಳು ಇದೇ ಅರ್ಜಿಯನ್ನು ತಮ್ಮ ತಮ್ಮ ಹೆಸರಿನಲ್ಲಿ ಬೇರೆ ಬೇರೆಯಾಗಿ ಹಾಕಲಿ. ಹಾಗೆ ಮಾಡಿದರೆ ಯಾರ ಮನೆ ಬಾಗಿಲಿಗೆ ಹೋಗಬೇಕು ಎಂಬುದೇ ಅವರಿಗೆ ತಿಳಿಯದಾಗುತ್ತದೆ. ಅಥವಾ ವಿಜಯಪುರದಲ್ಲೋ ಬೇರೆ ಊರಲ್ಲೋ ಇರುವ ನಿಮ್ಮವರು ಒಬ್ಬರು ಅಲ್ಲಿಂದಲೇ ಅಂಚೆಯಲ್ಲಿ ಹಾಕಬಹುದು, ಅರ್ಜಿದಾರರು ಅದೇ ಊರವರಾಗಿರಬೇಕು ಎಂಬ ನಿಯಮ ಎಲ್ಲೂ ಇಲ್ಲ. ಯಾರಾದರೂ ಬೆದರಿಸಿದರೆ ಅವತ್ತೇ ಪೊಲೀಸ್ ಠಾಣೆಗೆ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿರಿ.

ಕಡತ ನೋಡಲು ಕರೆದ ದಿನ ಇಬ್ಬರು ಮೂವರು ಹೋಗಿರಿ. ಒಬ್ಬರು ಓದಲಿ, ಒಬ್ಬರು ಪುಟದ ನಂಬರ್ ಸಮೇತ ವಹಿಯಲ್ಲಿ ಬರೆದುಕೊಳ್ಳಲಿ. ಟಿಪ್ಪಣಿ ಮಾಡಿಕೊಳ್ಳುವುದು ನಿಮ್ಮ ಹಕ್ಕು. ಫೋಟೋ ತೆಗೆಯಲು ಬಿಡದಿದ್ದರೆ ಅಲ್ಲಿ ಜಗಳಕ್ಕೆ ನಿಲ್ಲಬೇಡಿರಿ, ಬೇಕಾದ ಪುಟಗಳ ನಂಬರ್ ಕೊಟ್ಟು ದೃಢೀಕೃತ ಪ್ರತಿ ಕೇಳಿರಿ. ಕಾಮಗಾರಿಯನ್ನೇ ಸ್ಥಳದಲ್ಲಿ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಕಲಂ 2(ಜೆ)ಯಲ್ಲಿ ಇದೆ. ಇದನ್ನು ಬಳಸುವವರು ನಮ್ಮ ಕಡೆ ಬಹಳ ಕಡಿಮೆ, ನೀವು ಬಳಸಿರಿ.

ಆ ದಿನ ಬರುವವರೆಗೆ ಸುಮ್ಮನೆ ಕೂರಬೇಡಿರಿ. ಒಂದು ಟೇಪು ತೆಗೆದುಕೊಂಡು ರಸ್ತೆಯ ಉದ್ದ, ನಾಲ್ಕು ಕಡೆ ಅಗಲ, ಒಡೆದ ಅಂಚಿನಲ್ಲಿ ಐದಾರು ಕಡೆ ದಪ್ಪ ಅಳೆದು ಬರೆದಿಡಿರಿ. ಟೇಪು ಹಿಡಿದಿರುವ ಫೋಟೋ ತಾರೀಕು ಕಾಣುವಂತೆ ಇರಲಿ. ಕರಾರಿನ ಪ್ರತಿ ಕೈಗೆ ಬರಲಿ ಬಿಡಲಿ, ‘ರಸ್ತೆ ಒಡೆದಿದೆ, ದೋಷ ಹೊಣೆಗಾರಿಕೆ ಷರತ್ತಿನಂತೆ ಗುತ್ತಿಗೆದಾರರಿಂದ ದುರಸ್ತಿ ಮಾಡಿಸಿರಿ, ಅಲ್ಲಿಯವರೆಗೆ ಠೇವಣಿ ಬಿಡುಗಡೆ ಮಾಡಬೇಡಿರಿ’ ಎಂದು ಪಿಡಿಓ ಅವರಿಗೂ ಇಓ ಅವರಿಗೂ ಈ ವಾರವೇ ಒಂದು ಸಾದಾ ಮನವಿ ಕೊಟ್ಟು ಅದರ ಸ್ವೀಕೃತಿ ಇಟ್ಟುಕೊಳ್ಳಿರಿ. ಮೇಲ್ಮನವಿ ಬರೆದು ಮುಗಿದ ಮೇಲೆ ಅದರ ಒಂದು ಪ್ರತಿಯನ್ನು ಹಿಂಬರಹದ ಜೊತೆ ನನಗೆ ಕಳಿಸಿರಿ, ಆಗಸ್ಟ್ 17ಕ್ಕೆ ನಾಲ್ಕು ದಿನ ಮೊದಲೇ ಇರಲಿ. ಓದಿ, ತಿದ್ದುವುದಿದ್ದರೆ ತಿದ್ದಿ ಕಳಿಸುತ್ತೇನೆ.